ಮಗನಿಗಿಂತ ಚಿಕ್ಕ ತಾಯಿ

(ಚೆನ್ನೈನ ಪಲ್ಲಾವರಂ. ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದ ಒಂದು ಕನ್ನಡದ ಮನೆ. ಮಾತಾಡುತ್ತಿರುವವರು ಇಬ್ಬರು. ಡಬ್ಬಿಂಗ್ ಕೆಲಸದಲ್ಲಿ ಆಯುಷ್ಯದ ಬಹುಪಾಲು ಕಳೆದ ದೊಡ್ಡಮ್ಮ ಒಬ್ಬರು. ವಿಷುವಲ್ ಕಮ್ಯುನಿಕೇಶನ್ ಓದಿ ಮುಗಿಸಿ, ತಮಿಳು ಧಾರಾವಾಹಿಯೊಂದರಲ್ಲಿ ಸಹಾಯಕ ನಿರ್ದೇಶಕಿಯ ಕೆಲಸಕ್ಕೆ ಕರೆ ಬಂದಿರುವ ತಂಗಿಯ ಮಗಳು ಇನ್ನೊಬ್ಬಳು.)

ಹುಡುಗಿ: ಪಲ್ಲಾವರಂನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು, ದೊಡ್ಡಮ್ಮ. ‘ಸಿನಿಮಾಕ್ಕೆ ಹೋಗ್ತೀಯಾ? ನಮ್ಮ ಸಮಂತಾ ನೋಡು’ ಅಂತಾರೆ. ಇಲ್ಲೇ ಬೆಳೆದವರು, 2010ರಲ್ಲಿ ‘ಯೇ ಮಾಯ ಚೇಸಾವೆ’ಯಿಂದ ಶುರುಮಾಡಿದವರು. 2023ರಲ್ಲಿ ಸ್ವಂತ ನಿರ್ಮಾಣ ಸಂಸ್ಥೆ, 2025ರಲ್ಲಿ ಅದರಿಂದ ‘ಶುಭಂ’ ಅನ್ನೋ ಚಿತ್ರ. ಅದರ ಕಥೆಯೇ ಧಾರಾವಾಹಿಗೆ ಅಂಟಿಕೊಂಡ ಹೆಂಗಸರದ್ದು. ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ದೊಡ್ಡಮ್ಮ: ಉದಾಹರಣೆ ಒಳ್ಳೆಯದೇ. ಆದರೆ ಅದೇ ಮೊದಲ ಚಿತ್ರದಲ್ಲಿ ಇನ್ನೊಬ್ಬ ಹೆಂಗಸಿದ್ದಾರೆ, ಅವರನ್ನು ಯಾಕೆ ಬಿಟ್ಟೆ? ತೆರೆಯ ಮೇಲಿನ ಮುಖ ಸಮಂತಾ ಅವರದು, ದನಿ ಚಿನ್ಮಯಿ ಅವರದು. ಒಂದು ಪಾತ್ರ, ಎರಡು ವೃತ್ತಿ. ನೀನು ಸೇರೋಕೆ ಹೊರಟಿರೋದು ಪೋಸ್ಟರಿನಲ್ಲಿ ಮುಖ ಬರುವ ಕಡೆಗಲ್ಲ. ಹಾಗಾಗಿ ನಿನಗೆ ಬೇಕಾದ ಲೆಕ್ಕ ಬೇರೆ.

ಹುಡುಗಿ: ಯಾವ ಲೆಕ್ಕ?

ದೊಡ್ಡಮ್ಮ: ಎಷ್ಟು ವರ್ಷ ಅನ್ನೋ ಲೆಕ್ಕ. ಎಷ್ಟು ಎತ್ತರಕ್ಕೆ ಹೋದರು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಕಾಲ ನಿಂತರು, ವಯಸ್ಸಾದ ಹಾಗೆ ಕೆಲಸ ದೊಡ್ಡದಾಯಿತೋ ಚಿಕ್ಕದಾಯಿತೋ ಅಂತ ಯಾರೂ ಕೇಳಲ್ಲ. ಬ್ಯಾಂಕಿನಲ್ಲಿ, ಶಾಲೆಯಲ್ಲಿ ವಯಸ್ಸಾದಂತೆ ಹಿರಿತನ ಬರುತ್ತೆ. ಇಲ್ಲಿ ಗಂಡಸಿಗೆ ಹಿರಿತನ ಕೊಡೋ ವಯಸ್ಸೇ ಹೆಂಗಸಿನ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತೆ.

ಹುಡುಗಿ: ಇದು ನಟಿಯರ ಮಟ್ಟಿಗೆ ನಿಜ ಇರಬಹುದು.

ದೊಡ್ಡಮ್ಮ: ಮೊದಲು ನಟಿಯರದ್ದೇ ನೋಡೋಣ, ಅಲ್ಲಿ ಕಣ್ಣಿಗೆ ಕಾಣುತ್ತೆ. ಭಟ್ಕಳದಲ್ಲಿ ಹುಟ್ಟಿದ ಪಂಢರಿಬಾಯಿ ಇದೇ ಚೆನ್ನೈನಲ್ಲಿ ಬಾಳಿ, 2003ರಲ್ಲಿ ಇಲ್ಲೇ ತೀರಿಕೊಂಡರು. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ 1952ರ ‘ಪರಾಶಕ್ತಿ’, ಅದರ ನಾಯಕಿ ಇವರು. ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’, ಅದಕ್ಕೂ ಇವರೇ ನಾಯಕಿ. ಎರಡು ಭಾಷೆಯ ಇಬ್ಬರು ಮಹಾನಟರ ಮೊದಲ ನಾಯಕಿ! ಅಷ್ಟೇ ಅಲ್ಲ, 1957ರ ‘ರಾಯರ ಸೊಸೆ’ಗೆ ನಿರ್ಮಾಪಕಿ ಕೂಡ. ಇಂಥವರು 1968ರಲ್ಲಿ ‘ಕುಡಿಯಿರುಂದ ಕೋಯಿಲ್’ನಲ್ಲಿ ಯಾರಿಗೆ ತಾಯಿಯಾದರು ಗೊತ್ತಾ? ಎಂ.ಜಿ.ಆರ್‌ಗೆ. ಎಂ.ಜಿ.ಆರ್ ಹುಟ್ಟಿದ್ದು 1917ರಲ್ಲಿ. ತಾಯಿ ಮಗನಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು.

ಹುಡುಗಿ: ಅಯ್ಯೋ!

ದೊಡ್ಡಮ್ಮ: ಮುಗಿದಿಲ್ಲ ಕೇಳು. 1986ರ ‘ಅನುರಾಗ ಅರಳಿತು’ವಿನಲ್ಲಿ ರಾಜ್‌ಕುಮಾರ್ ಅವರಿಗೂ ತಾಯಿ. ಮೂವತ್ತೆರಡು ವರ್ಷದ ಹಿಂದೆ ಅವರಿಗೇ ಜೋಡಿಯಾಗಿದ್ದವರು. ಅದೇ ಕಥೆ 1992ರಲ್ಲಿ ತಮಿಳಿನಲ್ಲಿ ‘ಮನ್ನನ್’ ಆದಾಗ ರಜನಿಕಾಂತ್‌ಗೆ ತಾಯಿ. ಇತ್ತ ರಾಜ್‌ಕುಮಾರ್, ಎಪ್ಪತ್ತು ದಾಟಿದ ಮೇಲೆ, 2000ದ ‘ಶಬ್ದವೇಧಿ’ಯಲ್ಲೂ ನಾಯಕನೇ, ಜೊತೆಗೆ ಜಯಪ್ರದಾ. ಅಣ್ಣಾವ್ರ ಮೇಲೆ ನನಗೆ ದೂರಿಲ್ಲ, ಅವರ ಚಿತ್ರ ನೋಡೋಕೆ ನಾನೂ ಸಾಲಲ್ಲಿ ನಿಂತವಳೇ. ಒಟ್ಟಿಗೆ ಹೊರಟ ಇಬ್ಬರು ಎಲ್ಲೆಲ್ಲಿಗೆ ತಲುಪಿದರು ಅಂತ ತೋರಿಸಿದೆ, ಅಷ್ಟೇ.

ಹುಡುಗಿ: ಆದರೆ ದೊಡ್ಡಮ್ಮ, 1992ರವರೆಗೂ ಅವರ ಕೈಯಲ್ಲಿ ಕೆಲಸ ಇತ್ತಲ್ಲ? 1952ರಿಂದ ಎಣಿಸಿದರೂ ನಲವತ್ತು ವರ್ಷ. ತಾಯಿ ಪಾತ್ರ ಅಂದರೆ ಸೋಲು ಅಂತ ಯಾಕೆ ನೋಡಬೇಕು?

ದೊಡ್ಡಮ್ಮ: ಸೋಲು ಅನ್ನಲಿಲ್ಲ. ಆ ತಾಯಿ ಇಲ್ಲದಿದ್ದರೆ ಆ ಚಿತ್ರಗಳೂ ನಿಲ್ಲುತ್ತಿರಲಿಲ್ಲ. ಆದರೆ ಕಥೆ ಅವರದ್ದಾಗಿ ಉಳಿಯಲಿಲ್ಲ, ಸಂಭಾವನೆ ನಾಯಕನದಕ್ಕೆ ಹತ್ತಿರವೂ ಬರಲಿಲ್ಲ. ಇನ್ನೊಂದು ಜೋಡಿ ಹೇಳ್ತೀನಿ, ಅದನ್ನು ಕೇಳಿದರೆ ನಿನಗೇ ತಿಳಿಯುತ್ತೆ. 1936ರ ‘ಸಂಸಾರ ನೌಕ’ದಲ್ಲಿ ಬಿ.ಆರ್. ಪಂತುಲು ನಾಯಕ, ಎಂ.ವಿ. ರಾಜಮ್ಮ ನಾಯಕಿ. ರಾಜಮ್ಮ 1943ರಲ್ಲೇ ‘ರಾಧಾರಮಣ’ ನಿರ್ಮಿಸಿದರು. ಕನ್ನಡದ ಮೊದಲ ನಿರ್ಮಾಪಕಿ. ಪಂತುಲು ನಿರ್ಮಾಪಕರಾಗಿದ್ದು ಆಮೇಲೆ. ಕುರ್ಚಿಯಲ್ಲಿ ಮೊದಲು ಕೂತವರು ಆಕೆ. 1964ಕ್ಕೆ ಬಾ: ‘ಕರ್ಣನ್’ ಚಿತ್ರದ ನಿರ್ಮಾಪಕ, ನಿರ್ದೇಶಕ ಪಂತುಲು, ಅದರಲ್ಲಿ ಕುಂತಿಯ ಪಾತ್ರ ರಾಜಮ್ಮನವರದು. ಇಬ್ಬರೂ ದೊಡ್ಡ ಕಲಾವಿದರೇ. ಒಬ್ಬರಿಗೆ ಕುರ್ಚಿ ಗಟ್ಟಿಯಾಯಿತು, ಇನ್ನೊಬ್ಬರು ಕುರ್ಚಿಯಿಂದ ಎದ್ದು ಮತ್ತೆ ಕ್ಯಾಮೆರಾದ ಮುಂದಕ್ಕೆ ಹೋದರು.

ಹುಡುಗಿ: ಆದರೆ ಆ ಪಂತುಲು ಅವರ ಮಗಳೇ ಅಲ್ಲವಾ ಬಿ.ಆರ್. ವಿಜಯಲಕ್ಷ್ಮಿ? ಕ್ಲಾಸಿನಲ್ಲಿ ಹೇಳಿದ್ದರು. 1985ರಲ್ಲಿ ‘ಚಿನ್ನ ವೀಡು’ ಚಿತ್ರಕ್ಕೆ ಸ್ವತಂತ್ರವಾಗಿ ಕ್ಯಾಮೆರಾ ಹಿಡಿದು, ದೇಶದ ಮೊದಲ ಮಹಿಳಾ ಛಾಯಾಗ್ರಾಹಕಿ ಅನಿಸಿಕೊಂಡವರು. ಕೋಲಾರದ ಕಡೆಯಿಂದ ಬಂದ ಮನೆತನ, ಬೆಳೆದದ್ದು ಇದೇ ಚೆನ್ನೈ. ಒಂದು ತಲೆಮಾರಿನಲ್ಲಿ ಇಷ್ಟು ಬದಲಾಯಿತಲ್ಲ!

ದೊಡ್ಡಮ್ಮ: ಬದಲಾಯಿತು. ಛಾಯಾಗ್ರಾಹಕ ಅಶೋಕ್ ಕುಮಾರ್ ಅವರ ಬಳಿ ಸಹಾಯಕಿಯಾಗಿ ಕಲಿತವರು ಅವರು. ಅದೇ ಗುರುವಿನ ಹತ್ತಿರ ಇನ್ನೊಬ್ಬ ಹುಡುಗಿಯೂ ಕಲಿತಳು. ಇಲ್ಲಿನ ಚಲನಚಿತ್ರ ಸಂಸ್ಥೆಯಲ್ಲಿ ಛಾಯಾಗ್ರಹಣ ಓದಿದವಳು. ಯಾರು ಹೇಳು?

ಹುಡುಗಿ: ಸುಹಾಸಿನಿ! ‘ಬಂಧನ’ದ ಸುಹಾಸಿನಿ.

ದೊಡ್ಡಮ್ಮ: ಹೌದು. ಕ್ಯಾಮೆರಾ ಕಲಿಯಲು ಹೋದವರನ್ನು 1980ರಲ್ಲಿ ‘ನೆಂಜತ್ತೈ ಕಿಳ್ಳಾದೇ’ಗೆ ನಾಯಕಿ ಮಾಡಿದರು. ನಮಗೆ ಒಳ್ಳೆಯದೇ ಆಯಿತು, ‘ಬೆಂಕಿಯಲ್ಲಿ ಅರಳಿದ ಹೂವು’, ‘ಸುಪ್ರಭಾತ’, ‘ಅಮೃತವರ್ಷಿಣಿ’ ಎಲ್ಲ ಸಿಕ್ಕವು. ಆದರೆ ಒಬ್ಬ ಹುಡುಗ ಕ್ಯಾಮೆರಾ ಕಲಿಯಲು ಬಂದರೆ, ‘ನೀನು ಚೆನ್ನಾಗಿದ್ದೀಯ, ಈ ಕಡೆ ಬಾ’ ಅನ್ನೋದು ಅಪರೂಪ. ಹುಡುಗಿಗೆ ಮೊದಲ ದಿನದಿಂದ ಅದೇ ಮಾತು. ನಿನಗೂ ಅನ್ನುತ್ತಾರೆ, ತಯಾರಿರು. ಹಿಂದೆ ನಿಂತರೆ ದುಡ್ಡು ಕಡಿಮೆ, ವರ್ಷ ಹೆಚ್ಚು. ಮುಂದೆ ನಿಂತರೆ ದುಡ್ಡು ಹೆಚ್ಚು, ವರ್ಷ ಕಡಿಮೆ.

ಹುಡುಗಿ: ಹಿಂದೆ ನಿಂತರೂ ವರ್ಷ ಹೆಚ್ಚು ಅಂತ ನನಗೆ ಅನಿಸಲ್ಲ. ವಿಜಯಲಕ್ಷ್ಮಿ 1995ರಲ್ಲಿ ‘ಪಾಟ್ಟು ಪಾಡವಾ’ ನಿರ್ದೇಶಿಸಿದರು. ಅದಾದ ಮೇಲೆ ನಿರ್ದೇಶಿಸಿದ ‘ಅಭಿಯುಂ ಅನುವುಂ’ ಬಂದದ್ದು 2018ರಲ್ಲಿ. ಇಪ್ಪತ್ಮೂರು ವರ್ಷ! ನಡುವೆ ಟಿ.ವಿ. ಧಾರಾವಾಹಿಗಳ ನಿರ್ಮಾಣದ ಕಡೆ ಇದ್ದರು, ಅದು ಬೇರೆ. ‘ಮೊದಲ ಮಹಿಳೆ’ ಅನ್ನೋ ಮಾತು ಕೇಳಿದರೇ ನನಗೆ ಈಗ ಅನುಮಾನ ಬರುತ್ತೆ ದೊಡ್ಡಮ್ಮ. 1936ರಲ್ಲಿ ಟಿ.ಪಿ. ರಾಜಲಕ್ಷ್ಮಿ ‘ಮಿಸ್ ಕಮಲಾ’ ನಿರ್ದೇಶಿಸಿದಾಗ ದಕ್ಷಿಣ ಭಾರತದ ಮೊದಲ ನಿರ್ದೇಶಕಿ. 1980ರಲ್ಲಿ ನಟಿ ಲಕ್ಷ್ಮಿ ಕನ್ನಡದಲ್ಲಿ ‘ಮಕ್ಕಳ ಸೈನ್ಯ’ ಮಾಡಿದರು. 1983ರಲ್ಲಿ ಪ್ರೇಮಾ ಕಾರಂತರ ‘ಫಣಿಯಮ್ಮ’ ಬಂದಾಗ ಮತ್ತೆ ‘ಕನ್ನಡದ ಮೊದಲ ನಿರ್ದೇಶಕಿ’ ಅಂದರು. ಹತ್ತಿರ ಹತ್ತಿರ ಐವತ್ತು ವರ್ಷ ಆದಮೇಲೂ ‘ಮೊದಲ’ ಅಂತಲೇ ಹೇಳಬೇಕಾದರೆ, ನಡುವೆ ಎರಡನೆಯವಳು, ಹತ್ತನೆಯವಳು ಬರುವುದು ಅಪರೂಪವಾಗಿತ್ತು ಅಂತ ಅರ್ಥ. ಒಬ್ಬೊಬ್ಬರು ಬಾಗಿಲು ತಳ್ಳಿಕೊಂಡು ಒಳಗೆ ಹೋದರು, ಬಾಗಿಲು ಅವರ ಹಿಂದೆಯೇ ಮುಚ್ಚಿಕೊಂಡಿತು.

ದೊಡ್ಡಮ್ಮ: ಅದಕ್ಕೇ ನಾನು ಟಿ.ವಿ. ಬಂದದ್ದು ಒಳ್ಳೆಯದಾಯಿತು ಅಂತೀನಿ. ಸಿನಿಮಾ ಹೆಂಗಸನ್ನು ಮೂವತ್ತಕ್ಕೆ ಮನೆಗೆ ಕಳಿಸುತ್ತಿತ್ತು, ಧಾರಾವಾಹಿ ಅವಳನ್ನು ಮತ್ತೆ ಕರೆಯಿತು. ಪಂಢರಿಬಾಯಿಯವರ ತಂಗಿ ಮೈನಾವತಿ ಸಿನಿಮಾ ನಟಿಯಾಗಿದ್ದವರು, ಆಮೇಲೆ ಕನ್ನಡ ಧಾರಾವಾಹಿಗಳ ನಿರ್ಮಾಣಕ್ಕೆ ಇಳಿದರು. ವೈಶಾಲಿ ಕಾಸರವಳ್ಳಿಯವರನ್ನು ನೋಡು. ನಟಿ, ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರ ಪ್ರಶಸ್ತಿ, ‘ಮೂಡಲ ಮನೆ’ ಧಾರಾವಾಹಿಯ ನಿರ್ದೇಶಕಿ. ಒಂದು ಕೈಯಲ್ಲಿ ಮೂರು ಕಸುಬು ಇಟ್ಟುಕೊಂಡಿದ್ದರು. ಉಮಾಶ್ರೀ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರ ಪ್ರಶಸ್ತಿ ಪಡೆದವರು, ಮಂತ್ರಿಯೂ ಆದವರು. ಅರವತ್ತು ದಾಟಿದ ಮೇಲೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಹೆಸರು ಹೊತ್ತ ಪಾತ್ರ ಅವರದ್ದೇ. ಆ ವಯಸ್ಸಿನ ಹೆಂಗಸಿನ ಹೆಸರಿಟ್ಟುಕೊಂಡು ದೊಡ್ಡ ಸಿನಿಮಾ ತೆಗೆಯಲು ಎಷ್ಟು ಜನ ಮುಂದೆ ಬರುತ್ತಾರೆ?

ಹುಡುಗಿ: ಅದು ಸರಿ. ತಮಿಳಿನಲ್ಲೂ ನೋಡಿದ್ದೀನಲ್ಲ, ‘ಸರವಣನ್ ಮೀನಾಕ್ಷಿ’ಯಲ್ಲಿ ರಚಿತಾ ಮಹಾಲಕ್ಷ್ಮಿ, ‘ಕಯಲ್’ನಲ್ಲಿ ಚೈತ್ರಾ ರೆಡ್ಡಿ. ಇಬ್ಬರೂ ಬೆಂಗಳೂರಿನವರು. ಆಗ ಬಿ. ಸರೋಜಾದೇವಿ ಬಂದ ದಾರಿಯಲ್ಲೇ ಈಗ ಧಾರಾವಾಹಿಯ ಹುಡುಗಿಯರು ಬರುತ್ತಿದ್ದಾರೆ.

ದೊಡ್ಡಮ್ಮ: ಸರೋಜಾದೇವಿಯವರದು ಬೇರೆ ಕಥೆ. 1955ರಲ್ಲಿ ‘ಮಹಾಕವಿ ಕಾಳಿದಾಸ’, 1958ರಲ್ಲಿ ಎಂ.ಜಿ.ಆರ್ ಜೊತೆ ‘ನಾಡೋಡಿ ಮನ್ನನ್’, ಕನ್ನಡಕ್ಕೆ ಮರಳಿ 1961ರಲ್ಲಿ ‘ಕಿತ್ತೂರು ಚೆನ್ನಮ್ಮ’. 1967ರಲ್ಲಿ ಮದುವೆಯಾದ ಮೇಲೂ ನಟಿಸಿದರು. ಆ ಕಾಲಕ್ಕೆ ಅದೇ ದೊಡ್ಡದು. ಆದರೆ ಅವರ ಚಿತ್ರ ಒಂದು ದಿನ ಮುಗಿಯುತ್ತಿತ್ತು. ಧಾರಾವಾಹಿ ಮುಗಿಯಲ್ಲ. ವಾರಕ್ಕೆ ಐದೋ ಆರೋ ಕಂತು. ಇವತ್ತು ತೆಗೆದದ್ದು ನಾಳಿದ್ದು ಪ್ರಸಾರ. ಗುರುವಾರ ಟಿ.ಆರ್.ಪಿ. ಬಂತು ಅಂದರೆ ಶುಕ್ರವಾರ ಕಥೆಯೇ ತಿರುಗುತ್ತೆ. ಒಳ್ಳೆ ಅತ್ತಿಗೆ ಸೋಮವಾರಕ್ಕೆ ಕೆಟ್ಟವಳಾಗಿರುತ್ತಾಳೆ. ಸೀರೆ, ಒಡವೆ ಬಹಳ ಸಲ ನಟಿಯದೇ ಖರ್ಚು. ಒಂದು ಸೀರೆಯನ್ನು ಮೇಲಿಂದ ಮೇಲೆ ಉಡುವ ಹಾಗಿಲ್ಲ. ದಿನದ ಸಂಬಳದಲ್ಲಿ ಅದನ್ನು ಕಳೆದು ನೋಡಬೇಕು.

ಹುಡುಗಿ: ಇನ್ನು ನನ್ನಂಥ ಸಹಾಯಕಿಯರು?

ದೊಡ್ಡಮ್ಮ: ನಿನ್ನ ಕೆಲಸ ಎಲ್ಲರಿಗಿಂತ ಮೊದಲು ಶುರು, ಎಲ್ಲರಿಗಿಂತ ಕೊನೆಗೆ ಮುಗಿಯೋದು. ಕಂಟಿನ್ಯೂಯಿಟಿ ಬರೆಯಬೇಕು. ನಿನ್ನೆ ಬಾಗಿಲ ಹತ್ತಿರ ನಿಂತವಳ ಕೈಯಲ್ಲಿ ಬಳೆ ಎಷ್ಟಿತ್ತು, ಹೂವು ಯಾವ ಕಡೆ ಮುಡಿದಿದ್ದಳು, ಎಲ್ಲ ನೆನಪಿರಬೇಕು. ಬೆಳಗ್ಗೆ ಏಳಕ್ಕೆ ವಡಪಳನಿ ಕಡೆ ಕಾಲ್‌ಶೀಟ್ ಅಂದರೆ, ನೀನು ಐದೂವರೆಗೆ ಪಲ್ಲಾವರಂ ಪ್ಲಾಟ್‌ಫಾರಂನಲ್ಲಿರಬೇಕು. ಎಲೆಕ್ಟ್ರಿಕ್ ಟ್ರೈನ್ ಹಿಡಿದು ಕೋಡಂಬಾಕಂನಲ್ಲಿ ಇಳಿದು, ಅಲ್ಲಿಂದ ಬಸ್ಸು. 2021ರಿಂದ ಸಾಧಾರಣ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಅಷ್ಟು ಉಳಿಯಿತು. ತೊಂದರೆ ಇರೋದು ವಾಪಸ್ ಬರುವಾಗ. ಪ್ಯಾಕಪ್ ಎಷ್ಟು ಹೊತ್ತಿಗೆ ಅಂತ ಯಾರೂ ಬರೆದುಕೊಡಲ್ಲ. ನಾಯಕಿಗೆ ಕಾರು ಬರುತ್ತೆ. ಹೇರ್‌ಡ್ರೆಸ್ಸರ್, ಕಾಸ್ಟ್ಯೂಮ್ ಹುಡುಗಿ, ಗುಂಪಿನಲ್ಲಿ ನಿಲ್ಲುವ ಹೆಂಗಸರು ಕೊನೆಯ ರೈಲಿನ ಹೊತ್ತು ನೋಡಿಕೊಂಡು ನಿಂತಿರುತ್ತಾರೆ. ಎಷ್ಟೋ ಜನ ಕೆಲಸ ಬಿಟ್ಟದ್ದು ಪ್ರತಿಭೆ ಸಾಲದೆ ಅಲ್ಲ, ಈ ರಾತ್ರಿಯ ದಾರಿ ಸಾಕಾಗಿ.

ಹುಡುಗಿ: ಹಾಗಾದರೆ ನೀವು ಹೇಗೆ ಅಷ್ಟು ವರ್ಷ ಉಳಿದಿರಿ?

ದೊಡ್ಡಮ್ಮ: ನನ್ನ ಮುಖ ಯಾರೂ ನೋಡಲಿಲ್ಲ, ಅದಕ್ಕೆ. ಮೈಕಿನ ಮುಂದೆ ಐವತ್ತರವಳು ಇಪ್ಪತ್ತರ ಹುಡುಗಿಯಾಗಬಹುದು, ಉಸಿರು ಸರಿಯಾಗಿ ಬಿಟ್ಟರೆ ಸಾಕು. ಆಗೆಲ್ಲ ರೀಲನ್ನು ತುಂಡು ಮಾಡಿ ಲೂಪ್ ಕಟ್ಟುತ್ತಿದ್ದರು. ಒಂದು ದೃಶ್ಯದವರೆಲ್ಲ ಒಟ್ಟಿಗೆ ನಿಂತು ಹೇಳಬೇಕು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಕಾಯುವ ಹೊತ್ತಿನಲ್ಲಿ ದೊಡ್ಡವರು ಹೇಗೆ ತುಟಿ ಕೂಡಿಸುತ್ತಾರೆ ಅಂತ ನೋಡಿ ಕಲಿತೆವು. ಈಗ ಕಂಪ್ಯೂಟರ್ ಬಂದು ಒಬ್ಬೊಬ್ಬರೇ ಹೋಗಿ ತಮ್ಮ ಮಾತು ಮಾತ್ರ ಹೇಳಿ ಬರುತ್ತಾರೆ. ಕೆಲಸ ಬೇಗ ಆಗುತ್ತೆ, ಕಲಿಯೋದು ಕಡಿಮೆ. ಅದಕ್ಕೇ ಹೇಳೋದು, ಮುಖಕ್ಕೆ ಅಂಟದ ಒಂದು ಕಸುಬು ಕಲಿತುಕೋ. ಎಡಿಟಿಂಗೋ ಬರವಣಿಗೆಯೋ ದನಿಯೋ, ಯಾವುದಾದರೂ ಆಗಲಿ.

ಹುಡುಗಿ: ನಿಮ್ಮ ಬುದ್ಧಿಮಾತು ಸರಿ, ಆದರೆ ಅದಕ್ಕೂ ಒಂದು ಮಿತಿ ಇದೆ ದೊಡ್ಡಮ್ಮ. ಚಿನ್ಮಯಿ ಅವರನ್ನೇ ನೋಡಿ. ಅವರಿಗಿಂತ ಗಟ್ಟಿ ಕಸುಬು ಯಾರಿಗಿತ್ತು? 2018ರಲ್ಲಿ ‘96’ ಚಿತ್ರದ ತ್ರಿಷಾಗೆ ಅವರದೇ ದನಿ. ಅದೇ ವರ್ಷ ಲೈಂಗಿಕ ಕಿರುಕುಳದ ಬಗ್ಗೆ ಬಾಯಿ ಬಿಟ್ಟರು. ಸ್ವಲ್ಪ ದಿನಕ್ಕೆ ಡಬ್ಬಿಂಗ್ ಸಂಘದ ಸದಸ್ಯತ್ವ ಹೋಯಿತು. ಚಂದಾ ಕಟ್ಟಿಲ್ಲ ಅಂತ ಸಂಘದ ಕಾರಣ. ಅವರು ಅದನ್ನು ಒಪ್ಪಲಿಲ್ಲ. 2023ರಲ್ಲಿ ‘ಲಿಯೋ’ಗೆ ಮತ್ತೆ ತ್ರಿಷಾ ದನಿಯಾಗಿ ಬಂದಾಗ ಅದೇ ಒಂದು ಸುದ್ದಿಯಾಯಿತು. ಕಸುಬು ಗೊತ್ತಿದ್ದರೆ ಸಾಲದು, ಸಂಘದ ಕಾರ್ಡು ಯಾರ ಕೈಯಲ್ಲಿದೆ ಅನ್ನೋದೂ ಮುಖ್ಯ.

ದೊಡ್ಡಮ್ಮ: ಹೂಂ.

ಹುಡುಗಿ: ಮೇಕಪ್ಪಿನದೂ ಇದೇ ಕಥೆ. ಮುಂಬೈಯಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಂಗಸರಿಗೆ ಮೇಕಪ್ ಕಾರ್ಡೇ ಕೊಡುತ್ತಿರಲಿಲ್ಲ. ತಲೆ ಬಾಚುವ ಕೆಲಸ ಮಾತ್ರ ಅವರಿಗೆ, ಬಣ್ಣ ಹಚ್ಚೋದು ಗಂಡಸರಿಗೆ. ಮೇಕಪ್ ಕಲಾವಿದೆ ಚಾರು ಖುರಾನಾ ಕೋರ್ಟಿಗೆ ಹೋದರು, 2014ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ಹೊಡೆದುಹಾಕಿತು. ಅಷ್ಟು ವರ್ಷ ಹೆಂಗಸರಿಗೆ ಮೇಕಪ್ ಬರುತ್ತಿರಲಿಲ್ಲವಾ? ಬರುತ್ತಿತ್ತು, ನಿಯಮ ಬಿಡಲಿಲ್ಲ. ಕೇರಳದಲ್ಲಿ ಸಿನಿಮಾ ಹೆಂಗಸರ ಕಷ್ಟ ತಿಳಿಯಲು 2017ರಲ್ಲಿ ಹೇಮಾ ಸಮಿತಿ ಆಯಿತು, 2019ರ ಕೊನೆಗೆ ವರದಿ ಕೊಟ್ಟರು, ಅದು ಜನರ ಕೈಗೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ. ಅದರಲ್ಲಿ ದೊಡ್ಡ ದೊಡ್ಡ ಆರೋಪಗಳ ಜೊತೆಗೆ, ಸೆಟ್‌ನಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಜಾಗ ಇಲ್ಲ ಅನ್ನೋದೂ ಇದೆ. ಹೆಂಗಸರು ನೀರು ಕುಡಿಯದೇ ದಿನ ತಳ್ಳುತ್ತಾರೆ ಅಂತ ಬರೆದಿದ್ದಾರೆ.

ದೊಡ್ಡಮ್ಮ: ಅದಕ್ಕೆ ವರದಿ ಬೇಕಾಗಿರಲಿಲ್ಲ, ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಹೊರಾಂಗಣಕ್ಕೆ ಹೋಗುವ ಡ್ಯಾನ್ಸರ್ ಹುಡುಗಿಯರು ಬೆಳಗ್ಗೆ ಕಾಫಿಯನ್ನೂ ಬಿಡುತ್ತಿದ್ದರು.

ಹುಡುಗಿ: ವರದಿ ಬೇಕಿತ್ತು ದೊಡ್ಡಮ್ಮ. ನೀವು ನನಗೆ ಹೇಳಿದರೆ ಅದು ಮನೆಯ ಮಾತು. ಕಾಗದದಲ್ಲಿ ಬಂದರೆ ಸರ್ಕಾರ ಉತ್ತರ ಹೇಳಬೇಕು. ಅದನ್ನು ನೋಡಿಯೇ 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಲ್ಲೂ ಚಿತ್ರರಂಗದ ‘ಫೈರ್’ ಸಂಘಟನೆಯವರು 150ಕ್ಕೂ ಹೆಚ್ಚು ಜನರ ಸಹಿ ಹಾಕಿಸಿ, ಇಂಥದೇ ಸಮಿತಿ ಬೇಕು ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಪ್ರತಿ ಚಿತ್ರತಂಡವೂ ದೂರು ಕೇಳುವ ಆಂತರಿಕ ಸಮಿತಿ ಇಟ್ಟುಕೊಳ್ಳಬೇಕು ಅಂತ ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ.

ದೊಡ್ಡಮ್ಮ: ಕಾಗದದ ಮಾತು ಬಂತಲ್ಲ, ಅದನ್ನೇ ಹಿಡಿ. ಲಿಖಿತ ಕರಾರು ಇಲ್ಲದೆ ಸಿನಿಮಾ ಕೆಲಸಗಾರರನ್ನು ಇಟ್ಟುಕೊಳ್ಳಬಾರದು ಅಂತ 1981ರಲ್ಲೇ ಕೇಂದ್ರದ ಕಾನೂನು ಬಂತು. ನಾನು ಮೈಕಿನ ಮುಂದೆ ನಿಂತ ಕಾಲವೆಲ್ಲ ಆ ಕಾನೂನು ಇತ್ತು. ನನ್ನ ಕೈಗೆ ಬರುತ್ತಿದ್ದದ್ದು ವೋಚರು. ಅದರಲ್ಲಿ ಮೊತ್ತ, ಸಹಿ, ಮುಗಿಯಿತು.

ಹುಡುಗಿ: ಆಗ ಆ ಕಾನೂನು ಸಿನಿಮಾಕ್ಕೆ ಮಾತ್ರ ಇತ್ತು. 2020ರ ಕಾರ್ಮಿಕ ಸಂಹಿತೆಯಲ್ಲಿ ಧಾರಾವಾಹಿಯ ಕೆಲಸಗಾರರನ್ನೂ ಸೇರಿಸಿದ್ದಾರೆ. ಕೇಳುವ ಹಕ್ಕು ನನಗಿದೆ.

ದೊಡ್ಡಮ್ಮ: ಹಕ್ಕಿದೆ. ಮೊದಲ ಕೆಲಸದಲ್ಲೇ ಕೇಳಿದರೆ ‘ತಲೆಹರಟೆ’ ಅಂತ ಹೆಸರು ಬರುತ್ತೆ, ಅದೂ ಇದೆ. ಈ ಊರಿನಲ್ಲಿ ಕೆಲಸ ಸಿಗೋದು ಫೋನಿನ ಮೇಲೆ. ಒಬ್ಬ ಮ್ಯಾನೇಜರ್ ಇನ್ನೊಬ್ಬನಿಗೆ ಒಂದು ಮಾತು ಅಂದರೆ ಆರು ತಿಂಗಳು ಫೋನ್ ಬರಲ್ಲ.

ಹುಡುಗಿ: ಒಬ್ಬಳೇ ಕೇಳಿದರೆ ಹಾಗೆ. ನಾಲ್ಕು ಜನ ಕೇಳಿದರೆ? ನಾನು ಸೇರುವ ಯೂನಿಟ್ಟಿನಲ್ಲಿ ಇನ್ನೂ ಇಬ್ಬರು ಸಹಾಯಕಿಯರು, ಒಬ್ಬ ಎಡಿಟರ್ ಹುಡುಗಿ ಇದ್ದಾರಂತೆ. ಪಂಢರಿಬಾಯಿಯವರಿಗೆ ಹಾಗೆ ಕೇಳಲು ಜೊತೆಗಿದ್ದವರು ಯಾರು? ಸೆಟ್ಟಿನಲ್ಲಿ ನಾಯಕಿ ಬಿಟ್ಟರೆ ಹೇರ್‌ಡ್ರೆಸ್ಸರ್, ಅಷ್ಟೇ ತಾನೇ ಹೆಂಗಸರು?

ದೊಡ್ಡಮ್ಮ: ಆ ಮಾತು ಒಪ್ಪಿದೆ. ಹಾಗಾದರೆ ನಾಳೆ ಮೂರು ವಿಷಯ ಕೇಳು. ಸಂಬಳ ಯಾವ ತಾರೀಕಿಗೆ, ಎಷ್ಟು ಅಂತ ಕಾಗದದಲ್ಲಿ ಬೇಕು. ಟೈಟಲ್ ಕಾರ್ಡಿನಲ್ಲಿ ನಿನ್ನ ಹೆಸರು ಬರಬೇಕು, ಯಾಕೆಂದರೆ ನಾಳೆ ಬೇರೆ ಕಡೆ ಕೆಲಸ ಕೇಳುವಾಗ ಅದೇ ನಿನ್ನ ಸರ್ಟಿಫಿಕೇಟು. ರಾತ್ರಿ ಒಂಬತ್ತು ದಾಟಿದರೆ ಮನೆವರೆಗೆ ಗಾಡಿ, ನಿನಗೊಬ್ಬಳಿಗಲ್ಲ, ಎಲ್ಲ ಹೆಂಗಸರಿಗೂ. ಮೂರನೆಯದಕ್ಕೆ ಹೆಚ್ಚು ಎಳೆದಾಡುತ್ತಾರೆ, ಬಿಡಬೇಡ.

ಹುಡುಗಿ: ನಾನು ನಾಲ್ಕನೆಯದೂ ಕೇಳ್ತೀನಿ. ನಿಮ್ಮ ಯೂನಿಟ್ಟಿನಲ್ಲಿ ಐವತ್ತು ದಾಟಿದ, ಅಮ್ಮನೋ ಅತ್ತೆಯೋ ಆಗಿ ನಟಿಸದ ಹೆಂಗಸರು ಎಷ್ಟು ಜನ ಕೆಲಸ ಮಾಡ್ತಿದ್ದಾರೆ ಅಂತ.

ದೊಡ್ಡಮ್ಮ: ನಗುತ್ತಾರೆ ಕಣೇ.

ಹುಡುಗಿ: ನಗಲಿ. ನಕ್ಕಮೇಲೆ ಮನಸ್ಸಿನಲ್ಲಾದರೂ ಎಣಿಸಲೇಬೇಕಲ್ಲ.

ದೊಡ್ಡಮ್ಮ: ಎಣಿಸಿ ಸೊನ್ನೆ ಬಂದರೆ? ಬಿಟ್ಟು ಬರ್ತೀಯಾ?

ಹುಡುಗಿ: ಇಲ್ಲ, ಸೇರ್ತೀನಿ. ಆದರೆ ಸಂಬಳ ಹೆಚ್ಚು ಕೇಳ್ತೀನಿ. ನಲವತ್ತು ವರ್ಷ ನಡೆಯುವ ಕೆಲಸವನ್ನು ಇಪ್ಪತ್ತೇ ವರ್ಷಕ್ಕೆ ಮುಗಿಸುವ ಹಾಗಿದ್ದರೆ, ಆ ಇಪ್ಪತ್ತರಲ್ಲೇ ನಲವತ್ತರದ್ದು ಕೊಡಬೇಕಾಗುತ್ತೆ. ಅಷ್ಟು ಕೊಡೋಕೆ ಆಗಲ್ಲ ಅಂದರೆ, ಉಳಿದ ಇಪ್ಪತ್ತು ವರ್ಷ ನನ್ನನ್ನು ಉಳಿಸಿಕೊಳ್ಳೋದು ಹೇಗೆ ಅಂತ ಅವರೇ ಯೋಚಿಸಲಿ.